ಶಿಳ್ಳೆ ಹೊಡೆಯುವ ಹಲ್ಲು

ಜನವರಿ 12

ಅಕ್ಕನಿಗೆ ನಮಸ್ಕಾರ.

ಒಂದು ತಿಂಗಳಿಂದ ಫೋನ್ ಮಾಡುತ್ತಿದ್ದೇನೆ. ಬಡಿದುಕೊಂಡು ಬಡಿದುಕೊಂಡು ತಾನೇ ನಿಲ್ಲುತ್ತದೆ, ನೀನು ಎತ್ತುವುದಿಲ್ಲ. ಮೊನ್ನೆ ಒಮ್ಮೆ ಎತ್ತಿದೆ. ನಾನು "ಅಕ್ಕಾ" ಅಂದೆ. ಆ ಕಡೆಯಿಂದ ಒಂದು ಉಸಿರು ಕೇಳಿಸಿತು, ಅಷ್ಟೇ, ನೀನು ಇಟ್ಟುಬಿಟ್ಟೆ. ಏನು ತಪ್ಪು ಮಾಡಿದೆನೋ ಎಂದು ಇಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿದ್ದೇನೆ. ನಾನು ನಿವೃತ್ತನಾದ ದಿನ ನಿನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲವೆಂದೇ? ಅವತ್ತು ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಸಿಟ್ಟಿದ್ದರೆ ಬೈದು ಬರೆ. ಲೇಡೀಸ್ ಹಾಸ್ಟೆಲಿನ ವಾರ್ಡನ್ ಆಗಿ ಊರ ಹುಡುಗಿಯರನ್ನೆಲ್ಲ ಬೈದವಳಿಗೆ ಒಬ್ಬ ತಮ್ಮನನ್ನು ಬೈಯುವುದು ಕಷ್ಟವಾಗಬಾರದು.

ಇಲ್ಲಿಯ ಸುದ್ದಿ ಕೇಳು. ಹಲ್ಲಿನ ಸೆಟ್ಟು ಮಾಡುವ ಲ್ಯಾಬ್ ಬಿಟ್ಟಾಗಿನಿಂದ ಕಂಡವರೆಲ್ಲ ಒಂದೇ ಉಪದೇಶ ಮಾಡುತ್ತಾರೆ, ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಅಂತ. ಮಗಳು ಬಣ್ಣದ ಪೆಟ್ಟಿಗೆ, ಕುಂಚ, ಕ್ಯಾನ್ವಾಸ್ ಎಲ್ಲ ತಂದುಕೊಟ್ಟು ಹೋದಳು. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಸೇಬು ಜೋಡಿಸಿ, ವಾರವಿಡೀ ಕೂತು ಚಿತ್ರ ಬರೆದೆ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, "ಇದು ಯಾರ ದವಡೆ?" ಅಂದಳು. ನೋಡುತ್ತೇನೆ, ಅವಳು ಹೇಳಿದ್ದು ನಿಜ. ನಡುವೆ ಎರಡು ದೊಡ್ಡ ಸೇಬು, ಅಕ್ಕಪಕ್ಕ ಚಿಕ್ಕವು, ತುದಿಗೆ ಹೋದಂತೆ ದಪ್ಪವಾದವು, ಕೆಳಗೆ ಗುಲಾಬಿ ಬಟ್ಟೆ ಒಸಡಿನ ಹಾಗೆ. ಅಲ್ಲಿಗೆ ಚಿತ್ರಕಲೆ ಮುಗಿಯಿತು.

ಉಳಿದಂತೆ ಆರಾಮ. ಕೈಕಾಲು ಗಟ್ಟಿಮುಟ್ಟಾಗಿವೆ. ಉತ್ತರ ಬರೆ.

ನಿನ್ನ ತಮ್ಮ

*

ಜನವರಿ 24

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದ.

ಕೋಪವೂ ಇಲ್ಲ, ತಾಪವೂ ಇಲ್ಲ. ಫೋನ್ ಕೆಟ್ಟಿದೆ. ರಿಪೇರಿಯಾಗುವವರೆಗೆ ಹೀಗೇ ಕಾಗದ ಬರೆದುಕೊಂಡಿರೋಣ. ನಿನ್ನ ಕೈಬರಹ ನೋಡದೆ ಎಷ್ಟು ವರ್ಷವಾಗಿತ್ತು. ಅಕ್ಷರ ಸ್ವಲ್ಪ ಓರೆಕೋರೆಯಾಗಿದೆ, ಬರೆಯುವ ರೂಢಿ ತಪ್ಪಿದೆ ಅಂತ ಕಾಣುತ್ತದೆ. ದಿನಾ ಒಂದು ಪುಟ ಕಾಪಿ ಬರೆ. ಸೇಬಿನ ಚಿತ್ರವನ್ನು ಎಸೆಯಬೇಡ, ನನಗೆ ಕಳಿಸು, ಗೋಡೆಗೆ ಹಾಕುತ್ತೇನೆ.

ನಾನೂ ಸುಮ್ಮನೆ ಕೂತಿಲ್ಲ. ನಮ್ಮ ಬೀದಿಯ ಕೊನೆಯ ಸಮುದಾಯ ಭವನದಲ್ಲಿ ನಿವೃತ್ತರ ಸಂಗೀತ ಕೂಟವೊಂದಿದೆ. ಬ್ಯಾಂಕಿನಲ್ಲಿದ್ದವರೊಬ್ಬರು ಪಿಟೀಲು ನುಡಿಸುತ್ತಾರೆ. ಲಾರಿ ಓಡಿಸುತ್ತಿದ್ದವರೊಬ್ಬರು ಗಿಟಾರ್. ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಮೇಷ್ಟ್ರು ನಮ್ಮೆಲ್ಲರ ಕಿವಿ ಹಿಂಡುತ್ತಾರೆ. ನಾನೂ ಹೋಗುತ್ತಿದ್ದೆ. ಈಗ ಕೆಲವು ದಿನಗಳಿಂದ ಬಿಟ್ಟಿದ್ದೇನೆ. ಚಳಿ.

ಒಂದು ವಿಷಯ ಕೇಳಬೇಕಿತ್ತು. ನನಗಲ್ಲ. ನನ್ನ ಗೆಳತಿಯೊಬ್ಬಳಿಗೆ ಒಸಡಿನ ಕಾಯಿಲೆಯಾಗಿ ಮೇಲಿನ ಹಲ್ಲುಗಳನ್ನೆಲ್ಲ ಕಿತ್ತಿದ್ದಾರೆ. ಹಲ್ಲು ಕಟ್ಟಿಸಿಕೊಂಡರೆ ಬಾಯಿ ಮೊದಲಿನ ಹಾಗೇ ಆಗುತ್ತದೆಯೇ? ಊಟದ ಮಾತಲ್ಲ, ಅದು ಹೇಗೋ ನಡೆಯುತ್ತದೆ. ಬಾಯಿಂದ ಮಾಡುವ ಬೇರೆ ಕೆಲಸಗಳೂ ಇರುತ್ತವಲ್ಲ, ಅವು. ಪಾಪ, ತುಂಬ ಕುಗ್ಗಿಹೋಗಿದ್ದಾಳೆ.

ಅಕ್ಕ

*

ಫೆಬ್ರವರಿ 3

ಅಕ್ಕಾ,

ನಿನ್ನ ಗೆಳತಿಗೆ ಹೀಗೆ ಹೇಳು. ಮೇಲಿನ ಹಲ್ಲಿಲ್ಲದಿದ್ದರೆ ಮಾತು ತೊದಲುತ್ತದೆ, ಗಾಳಿ ಸೋರುತ್ತದೆ, ಆದ್ದರಿಂದಲೇ ಅವಳು ಫೋನ್ ಎತ್ತುತ್ತಿಲ್ಲ ಎಂದು ಅವಳ ತಮ್ಮನಿಗೆ ಗೊತ್ತಾಗಿದೆ. ಫೋನ್ ಕೆಟ್ಟಿಲ್ಲವೆಂದೂ ಗೊತ್ತಾಗಿದೆ.

ಯಾರ ಹತ್ತಿರ ಈ ಆಟ? ಊರವರ ಬಾಯಿಗೆಲ್ಲ ಹಲ್ಲು ಮಾಡಿಕೊಟ್ಟವನು ನಾನು. ನೀನು ನನ್ನ ಎದುರೇ ಬಾಯಿಗೆ ಸೆರಗು ಮುಚ್ಚಿಕೊಂಡು ಕೂತರೆ ನನಗೆ ಹೇಗಾಗಬೇಡ? ಓದಿದ ದಿನ ಊಟ ಸೇರಲಿಲ್ಲ. ಒಂಟಿಯಾಗಿ ಹೋಗಿ ಅಷ್ಟೂ ಹಲ್ಲು ಕೀಳಿಸಿಕೊಂಡು ಬಂದು, ಒಬ್ಬಳೇ ಗಂಜಿ ಕುಡಿದುಕೊಂಡು ಬಿದ್ದಿದ್ದೀಯ. ನಿನ್ನ ಬಿಗುಮಾನಕ್ಕಿಷ್ಟು ಬೆಂಕಿ ಬೀಳ.

ಈಗ ಕೇಳು. ಡಾಕ್ಟರ ಹತ್ತಿರ ಬಾಯಿಯ ಅಚ್ಚು ತೆಗೆಸು, ಕೆಳಗಿನ ಹಲ್ಲಿನದೂ ಇರಲಿ. ಪ್ಲಾಸ್ಟರ್ ಅಚ್ಚನ್ನು ಹತ್ತಿಯಲ್ಲಿ ಸುತ್ತಿ ಪಾರ್ಸೆಲ್ ಮಾಡು. ನಿನ್ನ ಹಳೆಯ ಫೋಟೋ, ಹಲ್ಲು ಕಾಣುವಂಥದ್ದು, ಒಂದು ಬೇಕು. ಲ್ಯಾಬಿನವರಿಗೆ ನಾನು ಕೊಡುವುದಿಲ್ಲ, ಅಲ್ಲಿ ಈಗ ಎಲ್ಲ ಮಷಿನ್ ಮಾಡುತ್ತದೆ, ಹುಡುಗರು ಗುಂಡಿ ಒತ್ತುತ್ತಾರೆ. ನಾನೇ ಮಾಡುತ್ತೇನೆ. ನನ್ನ ಸಾಮಾನಿನ ಪೆಟ್ಟಿಗೆ ಮಂಚದ ಕೆಳಗಿದೆ.

ಬಾಯಿಂದ ಮಾಡುವ ಬೇರೆ ಕೆಲಸದ ಚಿಂತೆ ನಿನಗೆ ಬೇಡ. ಮಾತು ಸ್ಪಷ್ಟವಾಗಿ ಬರುತ್ತದೆ, ನಗಬಹುದು, ಮೊದಲಿನಂತೆ ಜನರನ್ನು ಗದರಿಸಬಹುದು. ಅದಕ್ಕೆ ನಾನು ಜವಾಬ್ದಾರ.

ತಮ್ಮ

*

ಫೆಬ್ರವರಿ 20

ತಮ್ಮನಿಗೆ ಆಶೀರ್ವಾದ.

ಸಿಕ್ಕಿಬಿದ್ದೆ. ಸರಿ.

ಅಚ್ಚು ಕಳಿಸಿದ್ದೇನೆ. ಇಲ್ಲಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಬಾಯಿ ತುಂಬ ಹಿಟ್ಟು ತುಂಬಿ, "ಮೂಗಲ್ಲಿ ಉಸಿರಾಡಿ ಅಮ್ಮ" ಎಂದು ಹೇಳಿ ಗಡಿಯಾರ ನೋಡುತ್ತ ನಿಂತಳು. ಬೈಯೋಣವೆಂದರೆ ಬಾಯಲ್ಲಿ ಹಿಟ್ಟು. ಹಲ್ಲು ಕಾಣುವ ಫೋಟೋ ಹುಡುಕಿ ಸಾಕಾಯಿತು. ಹಾಸ್ಟೆಲಿನ ಒಂದೊಂದು ವರ್ಷದ ಫೋಟೋದಲ್ಲೂ ಹುಡುಗಿಯರು ನಗುತ್ತಿದ್ದಾರೆ, ನಡುವೆ ನಾನು ಗಂಟುಮುಖ ಹಾಕಿಕೊಂಡು ಕೂತಿದ್ದೇನೆ. ಕೊನೆಗೆ ನಿನ್ನ ಮದುವೆಯಲ್ಲಿ ತೆಗೆದದ್ದೊಂದು ಸಿಕ್ಕಿತು.

ಮೊದಲು ಹೇಗಿತ್ತೋ ಹಾಗೇ ಮಾಡು. ಇದೊಂದೇ ನಾನು ಕೇಳುವುದು.

ಅಕ್ಕ

*

ಮಾರ್ಚ್ 28

ಪ್ರೀತಿಯ ಅಕ್ಕನಿಗೆ,

ಇದರ ಜೊತೆಗಿರುವ ಡಬ್ಬಿಯನ್ನು ಕೂತುಕೊಂಡು ತೆರೆ.

ಮೊದಲು ಮೇಣದಲ್ಲಿ ಜೋಡಿಸಿ ಕಳಿಸಿದ್ದನ್ನು ಡಾಕ್ಟರಮ್ಮ ನಿನ್ನ ಬಾಯಿಗೆ ಇಟ್ಟು ನೋಡಿ, ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂಡುತ್ತವೆ ಎಂದು ಬರೆದಿದ್ದರಲ್ಲ, ಅದನ್ನೇ ಈಗ ಗಟ್ಟಿ ಮಾಡಿದ್ದೇನೆ. ಅಕ್ಕಾ, ನಾನು ಮಾಡಿದ ಸೆಟ್ಟುಗಳಲ್ಲೆಲ್ಲ ಇದು ಒಂದು ಕೈ ಮೇಲು. ಜಂಬವೆಂದುಕೊಂಡರೂ ಪರವಾಗಿಲ್ಲ. ಹಲ್ಲುಗಳ ಬಣ್ಣ ನಿನ್ನ ಕೆಳಗಿನ ಹಲ್ಲಿಗೆ ಹೊಂದುವಂತೆ ಆರಿಸಿದ್ದೇನೆ, ಬೆಳ್ಳಗೆ ಹೊಳೆಯುವುದಿಲ್ಲ. ಒಂದು ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿದ್ದೇನೆ, ಏಕೆಂದರೆ ದೇವರು ಯಾರಿಗೂ ಸಾಲಾಗಿ ಹಲ್ಲು ಕೊಟ್ಟಿಲ್ಲ. ಕಟ್ಟಿಸಿದ ಹಲ್ಲೆಂದು ಗೊತ್ತಾದರೆ ಅದು ನಮ್ಮ ಕಸುಬಿಗೆ ಅವಮಾನ.

ಮದುವೆಯ ಫೋಟೋದಲ್ಲಿ ನಿನ್ನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಕಂಡಿತು. ಆ ಸಂದಿಗಾಗಿ ಚಿಕ್ಕಂದಿನಲ್ಲಿ ನಿನ್ನನ್ನು ಎಷ್ಟು ಆಡಿಕೊಂಡಿದ್ದರು. ಮೊದಲಿನಂತೆಯೇ ಇರಲಿ ಎಂದು ನೀನು ಸಂಕೋಚಕ್ಕೆ ಬರೆದಿದ್ದೀಯ, ನನಗೆ ಅರ್ಥವಾಗುತ್ತದೆ. ಅದನ್ನು ಮುಚ್ಚಿದ್ದೇನೆ. ತಮ್ಮನ ಕಾಣಿಕೆ ಎಂದುಕೋ.

ಅದಕ್ಕಿಂತ ಮುಖ್ಯವಾದದ್ದು ಒಳಗಿದೆ, ಹೊರಗೆ ಕಾಣುವುದಿಲ್ಲ. ಮುಂದಿನ ಹಲ್ಲಿನ ಹಿಂದೆ ಅಂಗುಳವನ್ನು ಮುಚ್ಚುವ ಭಾಗವಿದೆಯಲ್ಲ, ಅದನ್ನು ತಿದ್ದುವುದರಲ್ಲೇ ನಮ್ಮ ಕೈಚಳಕವೆಲ್ಲ ಇರುವುದು. ಅಲ್ಲಿ ಆಕಾರ ಕೆಟ್ಟರೆ ಮಾತಾಡುವಾಗ ಹಲ್ಲು ಶಿಳ್ಳೆ ಹೊಡೆಯುತ್ತದೆ. ಒಬ್ಬ ವಕೀಲರು ಬೇರೆಲ್ಲೋ ಮಾಡಿಸಿದ ಹಲ್ಲು ತಂದು ನನ್ನೆದುರು ಮೇಜಿನ ಮೇಲಿಟ್ಟಿದ್ದರು. ಅವರು ಕೋರ್ಟಿನಲ್ಲಿ "ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಸ್ವಾಮಿ" ಅಂದರೆ ಮೂರು ಶಿಳ್ಳೆ. ಹೊರಗೆ ಯಾರು ಹೊಡೆಯುತ್ತಿದ್ದಾರೆ ನೋಡಿಕೊಂಡು ಬಾ ಎಂದು ನ್ಯಾಯಾಧೀಶರು ಪೇದೆಯನ್ನು ಕಳಿಸಿದರಂತೆ. ಅದನ್ನು ಸರಿ ಮಾಡಿಕೊಟ್ಟವನು ನಾನು. ಅಂದಿನಿಂದ ನನ್ನ ಕೈಯಿಂದ ಹೋದ ಒಂದು ಹಲ್ಲೂ ಶಿಳ್ಳೆ ಹೊಡೆದಿಲ್ಲ. ನಿನ್ನದಂತೂ ಏನು ಮಾಡಿದರೂ ಹೊಡೆಯುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ.

ಹಾಕಿಕೊಂಡ ತಕ್ಷಣ ಫೋನ್ ಮಾಡು.

ತಮ್ಮ

*

ಏಪ್ರಿಲ್ 6

ತಮ್ಮನಿಗೆ ಆಶೀರ್ವಾದ.

ಹಲ್ಲು ಬಂದು ಸೇರಿತು. ಚೆನ್ನಾಗಿದೆ. ಡಾಕ್ಟರಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಇಂಥ ಕೆಲಸ ಈಗ ಯಾರು ಮಾಡುತ್ತಾರೆ ಅಂದಳು. ಪಕ್ಕದ ಮನೆಯವಳು ನಾನು ಚಿಕ್ಕವಳಾಗಿ ಕಾಣುತ್ತೇನೆ ಅಂದಳು. ತುಂಬ ಶ್ರಮಪಟ್ಟಿದ್ದೀಯ, ಸಂತೋಷ.

ಫೋನ್ ಮಾಡುತ್ತೇನೆ, ಈಗ ಸ್ವಲ್ಪ ಕೆಲಸ. ಎಲ್ಲರಿಗೂ ನೆನಪು ತಿಳಿಸು.

ಅಕ್ಕ

*

ಮೇ 15

ಅಕ್ಕಾ,

ಫೋನ್ ಬರಲಿಲ್ಲ. ಒಂದು ವಾರ ಹೊರಗೆ ಹೋಗದೆ ಕಾದೆ, ಆಮೇಲೆ ಕಾಯುವುದನ್ನು ಬಿಟ್ಟೆ.

"ಚೆನ್ನಾಗಿದೆ" ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಹಲ್ಲು ನಿಜವಾಗಿ ಹೊಂದಿದವರು ಹಾಗೆ ಹೇಳುವುದಿಲ್ಲ. ಅವರು ಬಂದು, ಎಡಗಡೆ ಸ್ವಲ್ಪ ಒತ್ತುತ್ತದೆ, ಊಟದ ರುಚಿಯೇ ಹೋಯಿತು, ಎಂದು ನೂರೆಂಟು ದೂರು ಹೇಳಿ, ಅದನ್ನೇ ಹಾಕಿಕೊಂಡು ಹೋಗುತ್ತಾರೆ. "ಚೆನ್ನಾಗಿದೆ" ಅಂದವರ ಹಲ್ಲು ಕಪಾಟಿನಲ್ಲಿ ಲೋಟದ ನೀರಿನಲ್ಲಿ ಮುಳುಗಿರುತ್ತದೆ. ನಿನ್ನದು ಈಗ ಎಲ್ಲಿದೆ?

ನನ್ನ ಕೆಲಸ ಕೆಟ್ಟಿದ್ದರೆ ಮುಖದ ಮೇಲೆ ಹೇಳು. ಪರರ ಹತ್ತಿರ ಕೇಳಿಸಿಕೊಂಡದ್ದಾಗಿದೆ, ನಿನ್ನ ಹತ್ತಿರವೂ ಕೇಳಿಸಿಕೊಳ್ಳುತ್ತೇನೆ.

ತಮ್ಮ

*

ಮೇ 27

ತಮ್ಮಾ,

ಲೋಟದಲ್ಲಿಲ್ಲ. ಬಾಯಲ್ಲೇ ಇದೆ. ಊಟಕ್ಕೆ, ಮಾತಿಗೆ, ಮುಖಕ್ಕೆ ನಿನ್ನ ಹಲ್ಲಿನಲ್ಲಿ ಎಳ್ಳಷ್ಟೂ ದೋಷವಿಲ್ಲ. ನಾನು ಬಾಯಿ ಬಿಡದೆ ಇದ್ದದ್ದು ಅದಕ್ಕೇ. ಇಷ್ಟು ಚೆನ್ನಾಗಿ ಮಾಡಿದವನ ಹತ್ತಿರ ಹೇಗೆ ಹೇಳಲಿ? ಆದರೆ ನೀನು ಬೇರೆ ಏನೇನೋ ಅಂದುಕೊಂಡು ಕೊರಗುತ್ತಿದ್ದೀಯ. ಹೇಳಿಬಿಡುತ್ತೇನೆ, ನಗಬೇಡ.

ಅಪ್ಪ ಪೇಪರ್ ಓದುವಾಗ ಮನೆಯಲ್ಲಿ ಎಲ್ಲಿಂದಲೋ ಶಿಳ್ಳೆ ಕೇಳಿಸುತ್ತಿತ್ತಲ್ಲ, ನೆನಪಿದೆಯೇ? ಅಪ್ಪ ತಲೆ ಎತ್ತಿ ನಿನ್ನ ಕಿವಿ ಹಿಡಿಯುತ್ತಿದ್ದರು. ನಿನಗೋ ಶಿಳ್ಳೆ ಹೊಡೆಯಲು ಬರುತ್ತಲೇ ಇರಲಿಲ್ಲ. ನಾನು ಎದುರಿಗೇ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ತುಟಿ ಚೂಪು ಮಾಡದೆ, ನಾಲಗೆಯನ್ನು ಮುಂದಿನ ಹಲ್ಲಿನ ಹಿಂದೆ ಅಂಗುಳಕ್ಕೆ ಒತ್ತಿ ಶಿಳ್ಳೆ ಹೊಡೆಯಬಹುದೆಂದು ಅಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅದೆಲ್ಲ ಮರೆತೇಹೋಯಿತು. ಹಾಸ್ಟೆಲಿನ ಪ್ಯಾಸೇಜಿನಲ್ಲಿ "ಇಲ್ಲಿ ಶಿಳ್ಳೆ ಹಾಕಬಾರದು" ಎಂದು ಬೋರ್ಡ್ ಬರೆಸಿ ಹಾಕಿದವಳೂ ನಾನೇ.

ಸಂಗೀತ ಕೂಟಕ್ಕೆ ನಾನು ಹಾಡಲೆಂದು ಹೋದದ್ದು. ಗದರಿಸಿ ಗದರಿಸಿ ನನ್ನ ಗಂಟಲು ಒಡೆದಿತ್ತು, ಮೇಷ್ಟ್ರು ಮುಲಾಜಿಲ್ಲದೆ, ನೀವು ಟೀ ಜವಾಬ್ದಾರಿ ನೋಡಿಕೊಳ್ಳಿ ಅಂದರು. ಒಂದು ಸಂಜೆ ಹಿಂದಿನ ಕೋಣೆಯಲ್ಲಿ ಲೋಟ ತೊಳೆಯುತ್ತ ನಿಂತಿದ್ದೆ. ಆಚೆ ಅವರು ಮೇಷ್ಟ್ರ ಹೊಸ ಧಾಟಿಯೊಂದನ್ನು ಅಭ್ಯಾಸ ಮಾಡುತ್ತಿದ್ದರು. ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ ಅದು ಪೂರ್ತಿ ಬಂತು, ಒಂದು ಸ್ವರವೂ ತಪ್ಪಲಿಲ್ಲ. ನಲ್ಲಿ ನಿಲ್ಲಿಸಿದಾಗ ಆಚೆ ಸದ್ದೇ ಇಲ್ಲ. ಮೇಷ್ಟ್ರು ಬಾಗಿಲಲ್ಲಿ ನಿಂತು, "ಇಲ್ಲಿ ಕೊಳಲು ಯಾರದು?" ಅಂದರು. ನಾನು ಕೈ ಒರೆಸಿಕೊಂಡು, ಕೊಳಲಲ್ಲ, ವಾರ್ಡನ್ ಅಂದೆ.

ಅಕ್ಟೋಬರಿನಲ್ಲಿ ದೊಡ್ಡ ಕಾರ್ಯಕ್ರಮ. ಮೇಷ್ಟ್ರು ಆ ಧಾಟಿಯ ನಡುವೆ ನನಗೊಂದು ಭಾಗ ಇಟ್ಟಿದ್ದಾರೆ. ಪಿಟೀಲು, ಗಿಟಾರ್ ಎಲ್ಲ ನಿಂತು ನಾನೊಬ್ಬಳೇ. ತಮ್ಮಾ, ಹಾಸ್ಟೆಲಿನಲ್ಲಿ ನನ್ನನ್ನು ಕಂಡರೆ ಎಲ್ಲರೂ ಸುಮ್ಮನಾಗುತ್ತಿದ್ದರು. ನನ್ನದನ್ನು ಕೇಳಬೇಕೆಂದು ಜನ ಸುಮ್ಮನಾದದ್ದು ಆ ಕೋಣೆಯಲ್ಲೇ ಮೊದಲು. ಆ ಖುಷಿ ನನಗೆ ಈ ವಯಸ್ಸಿನಲ್ಲಿ ಸಿಕ್ಕಿತು, ಎರಡು ತಿಂಗಳಲ್ಲಿ ಹಲ್ಲಿನ ಜೊತೆ ಹೋಯಿತು.

ನಿನ್ನ ಹಲ್ಲು ಹಾಕಿಕೊಂಡು ದಿನವೂ ಬಾಗಿಲು ಮುಚ್ಚಿ ಪ್ರಯತ್ನಿಸುತ್ತೇನೆ. ಬರೀ ಉಸಿರು ಬರುತ್ತದೆ. ಬರೆದುಕೊಡುತ್ತೇನೆ ಅಂದಿದ್ದೆಯಲ್ಲ, ನಿನ್ನ ಮಾತು ನಿಜ, ಏನು ಮಾಡಿದರೂ ಹೊಡೆಯುವುದಿಲ್ಲ. ನನ್ನ ಜಾಗಕ್ಕೆ ಬೇರೆ ಏನಾದರೂ ಹಾಕಿಕೊಳ್ಳಿ ಎಂದು ಮೇಷ್ಟ್ರಿಗೆ ಹೇಳಬೇಕೆಂದಿದ್ದೇನೆ. ಇನ್ನೂ ಬಾಯಿ ಬಂದಿಲ್ಲ.

ಅಕ್ಕ

*

ಜೂನ್ 8

ಅಕ್ಕನಿಗೆ,

ನಿನ್ನ ಕಾಗದ ಓದಿ ನನಗೆ ಮೊದಲು ಬಂದದ್ದು ಸಿಟ್ಟು. ಮೊದಲೇ ಹೇಳಲು ಏನಾಗಿತ್ತು? ಮತ್ತೆ ಓದಿದಾಗ ಅಪ್ಪ ತಿರುವಿದ ಕಿವಿ ಇಷ್ಟು ವರ್ಷದ ಮೇಲೆ ಉರಿಯಿತು.

ಆದರೂ ನೀನು ಕೇಳುತ್ತಿರುವುದು ಆಗುವ ಮಾತಲ್ಲ. ಶಿಳ್ಳೆ ಬರುವಂತೆ ಹಲ್ಲು ಮಾಡು ಎಂದು ನೀನು ಬಾಯಿಬಿಟ್ಟು ಹೇಳಿಲ್ಲ, ಆದರೆ ಕೇಳಿದ್ದು ಅದೇ ತಾನೆ? ನಾನು ಜೀವಮಾನವಿಡೀ ಕಲಿತದ್ದೇ ಶಿಳ್ಳೆಯನ್ನು ಅಡಗಿಸುವುದು. ಅದನ್ನು ಬೇಕೆಂದೇ ತರುವುದು ಹೇಗೆಂದು ಯಾವ ಪುಸ್ತಕದಲ್ಲೂ ಇಲ್ಲ. ತಂದರೂ ನಿನ್ನ ಮಾತು ಆ ವಕೀಲರ ಮಾತಿನ ಹಾಗಾಗುತ್ತದೆ. ನಾಲ್ಕು ಜನ ನಗುತ್ತಾರೆ. ನಾನಂತೂ ಈಗ ನಿವೃತ್ತ. ಸಾಮಾನು ಮತ್ತೆ ಕಟ್ಟಿಟ್ಟಿದ್ದೇನೆ. ಅಲ್ಲಿಯೇ ಯಾರಾದರೂ ಒಳ್ಳೆಯ ಕೆಲಸಗಾರರು ಸಿಕ್ಕರೆ ಕೇಳಿ ನೋಡು.

ತಮ್ಮ

ಅತ್ತಿಗೆಗೆ ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರ. ಇವರು ಲಕೋಟೆ ಅಂಟಿಸಲು ಕೊಟ್ಟಾಗ ಕದ್ದು ಬರೆಯುತ್ತಿದ್ದೇನೆ. ಇವರ ಕೈ ನಡುಗುತ್ತದೆ. ಕಳೆದ ವರ್ಷ ಇವರು ಮಾಡಿದ ಎರಡು ಸೆಟ್ಟು ವಾಪಸ್ ಬಂದವು, ಅದಾದ ಮೇಲೆಯೇ ಇವರು ಕೆಲಸ ಬಿಟ್ಟದ್ದು. ಯಾರಿಗೂ ಹೇಳಿಲ್ಲ. ನಿಮ್ಮ ಹಲ್ಲು ಮಾಡುವಾಗ ನಡುಗದಿರಲೆಂದು ಕೈಯನ್ನು ಮರಳಿನ ಚೀಲದ ಮೇಲಿಟ್ಟುಕೊಂಡು, ಬೈದುಕೊಂಡು, ಮತ್ತೆ ಮತ್ತೆ ಮಾಡಿದರು. ಆದರೆ ಆ ತಿಂಗಳು ಇವರು ಮನೆಯಲ್ಲಿ ಹಾಡಿಕೊಂಡು ಓಡಾಡಿದರು. ಈಗ ಮತ್ತೆ ಕಿಟಕಿ ನೋಡಿಕೊಂಡು ಕೂರುತ್ತಾರೆ. ಇವರನ್ನು ಬಿಡಬೇಡಿ. ನಾನು ಬರೆದದ್ದು ಗೊತ್ತಾಗುವುದು ಬೇಡ.

*

ಜೂನ್ 16

ಚಿರಂಜೀವಿ ತಮ್ಮನಿಗೆ,

ನಿವೃತ್ತನಂತೆ. ನಿವೃತ್ತಿ ಲ್ಯಾಬಿನಿಂದ. ಅಕ್ಕನಿಂದ ನಿವೃತ್ತಿ ಯಾರು ಕೊಟ್ಟರು ನಿನಗೆ?

ಬೇರೆ ಕೆಲಸಗಾರರನ್ನು ಹುಡುಕು ಎಂದಿದ್ದೀಯ. ಹುಡುಕಲ್ಲ. ಬಾಯಿ ನನ್ನದು, ಅದರೊಳಗೆ ಯಾರ ಕೈಕೆಲಸ ಇರಬೇಕೆಂದು ನಿರ್ಧರಿಸುವವಳು ನಾನು. ಜನ ನಗುತ್ತಾರೆ ಅಂದೆ. ನಗಲಿ. ನನ್ನನ್ನು ಕಂಡು ಹೆದರಿದವರನ್ನು ಬೇಕಾದಷ್ಟು ನೋಡಿದ್ದೇನೆ, ನಕ್ಕವರನ್ನೂ ಒಂದಿಷ್ಟು ನೋಡುತ್ತೇನೆ.

ಚೆಂದ ಬೇಡ, ನಯ ಬೇಡ, ಅಳತೆ ಬೇಡ. ಆ ವಕೀಲರ ಹಲ್ಲನ್ನು ಯಾರೋ ಗೊತ್ತಿಲ್ಲದೆ ಕೆಡಿಸಿದ್ದರಲ್ಲ, ಅದು ಎಲ್ಲಿ ಹೇಗೆ ಕೆಟ್ಟಿತ್ತು ಎಂದು ನಿನ್ನ ಬೆರಳಿಗೆ ಗೊತ್ತು. ನನ್ನದನ್ನು ಗೊತ್ತಿದ್ದೇ ಕೆಡಿಸು. ಬೇಗ ಆಗಬೇಕೆಂದಿಲ್ಲ, ಎಷ್ಟು ಸಲ ಬೇಕಾದರೂ ಮಾಡು. ಹೊಸ ಅಚ್ಚು ಕಳಿಸಿದ್ದೇನೆ. ಮೇಷ್ಟ್ರಿಗೆ ನಾನು ಬಿಡುತ್ತೇನೆಂದು ಹೇಳಲಿಲ್ಲ, ಅಕ್ಟೋಬರಿಗೆ ಸಿದ್ಧವಾಗುತ್ತೇನೆ ಎಂದು ಹೇಳಿ ಬಂದಿದ್ದೇನೆ. ಇನ್ನು ನಮ್ಮಿಬ್ಬರ ಮರ್ಯಾದೆ ನಿನ್ನ ಕೈಯಲ್ಲಿದೆ.

ಅಕ್ಕ

*

ಜುಲೈ 20

ಅಕ್ಕಾ,

ಹಟಮಾರಿ ನೀನು. ಪೆಟ್ಟಿಗೆ ಮತ್ತೆ ಮಂಚದ ಕೆಳಗಿನಿಂದ ಮೇಲೆ ಬಂತು.

ಊಟದ ಮೇಜು ಈಗ ನನ್ನದು. ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಮೊದಲು ನಿನ್ನ ಮದುವೆ ಫೋಟೋ, ಅಂದರೆ ನನ್ನ ಮದುವೆಯಲ್ಲಿ ನೀನಿರುವ ಫೋಟೋ, ಅದನ್ನು ದೊಡ್ಡದು ಮಾಡಿಸಿ ಸಂದಿಯ ಅಗಲ ಕಂಡುಕೊಂಡೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಆಮೇಲೆ ಅಂಗುಳ. ವಕೀಲರ ಹಲ್ಲಿನಲ್ಲಿ ಮುಂದಿನ ಹಲ್ಲಿನ ಹಿಂದೆ ಸಣ್ಣ ಕಾಲುವೆಯಂಥದ್ದೊಂದು ಇತ್ತು, ಎರಡು ಬದಿಗೂ ಏಣು, ಅಂದರೆ ಎದ್ದುನಿಂತ ಅಂಚು. ಅಂದು ಅದನ್ನು ಕೆರೆದು ಸಮ ಮಾಡಿದ್ದೆ. ಇಂದು ಮೇಣದಲ್ಲಿ ಅದನ್ನೇ ಕಟ್ಟುತ್ತಿದ್ದೇನೆ. ನನಗೆ ಕಸುಬು ಕಲಿಸಿದವರು ನೋಡಿದ್ದರೆ ಲ್ಯಾಬಿನಿಂದ ಆಚೆ ಹಾಕುತ್ತಿದ್ದರು.

ತೊಂದರೆಯೇನೆಂದರೆ ನನಗೆ ಶಿಳ್ಳೆ ಬರುವುದಿಲ್ಲ. ಸರಿಯಾಗಿದೆಯೋ ಇಲ್ಲವೋ ನೋಡಲು ಹಳೆಯ ಕಾಲದ ಕಾರಿನ ಹಾರ್ನಿನ ರಬ್ಬರ್ ಬುರುಡೆ ತಂದು ಅಚ್ಚಿನ ಮೇಲೆ ಗಾಳಿ ಊದಿದೆ. ಆಮೇಲೆ ಕೂದಲು ಒಣಗಿಸುವ ಮಷಿನ್. ಮೇಣ ಕರಗಿ ಮೇಜಿನ ಮೇಲೆ ಹರಿಯಿತು. ನನ್ನ ಹೆಂಡತಿ ಬಟ್ಟೆ ತಂದಿಟ್ಟು ಹೋದಳು, ಆಚೆ ಹೋಗಿ ನಗುವುದು ಕೇಳಿಸಿತು.

ಮೇಣದ ಸೆಟ್ಟು ಕಳಿಸಿದ್ದೇನೆ. ಬಿಸಿ ಏನನ್ನೂ ಕುಡಿಯಬೇಡ. ಬಾಯಿಗಿಟ್ಟುಕೊಂಡು ಮೆಲ್ಲಗೆ ಊದಿ ನೋಡಿ, ಏನು ಕೇಳಿಸಿತೋ ಹಾಗೇ ಬರೆ. "ಚೆನ್ನಾಗಿದೆ" ಎಂದು ಬರೆದರೆ ವಾಪಸ್ ಕಳಿಸುತ್ತೇನೆ.

ತಮ್ಮ

*

ಆಗಸ್ಟ್ 9

ತಮ್ಮನಿಗೆ,

ಚೆನ್ನಾಗಿಲ್ಲ. ಸಾಕೇ?

ಶಿಳ್ಳೆ ಬಂತು, ಆದರೆ ನನ್ನದಲ್ಲ, ಕುಕ್ಕರಿನದು. ಒಂದೇ ಸ್ವರ, ಜೋರಾಗಿ, ನಿಲ್ಲಿಸೋಣವೆಂದರೆ ನಿಲ್ಲುವುದಿಲ್ಲ. ನಾಲ್ಕು ಸಲ ಊದಿದ ಮೇಲೆ ಪಕ್ಕದ ಮನೆಯವಳು ಗೋಡೆಯಾಚೆಯಿಂದ, "ನಿಮ್ಮ ಬೇಳೆ ಸೀದುಹೋಗುತ್ತೆ, ಒಲೆ ಆರಿಸಿ" ಎಂದು ಕೂಗಿದಳು. ನಾನು ನಕ್ಕ ರಭಸಕ್ಕೆ ಮೇಣ ತುಟಿಗೆ ಅಂಟಿತು.

ಕೆಳಗಿನ ಸ್ವರ ಬರುವಾಗ ನಾಲಗೆಯ ಬಲಬದಿಗೆ ಏನೋ ಅಡ್ಡ ಬರುತ್ತದೆ. ಮೇಲೆ ಹೋಗಲು ನಾಲಗೆಗೆ ಒರಗಲು ಜಾಗ ಸಾಲದು. ಕನ್ನಡಿ ಹಿಡಿದು ಬೆರಳಿನಿಂದ ಮುಟ್ಟಿ ನೋಡಿ, ಎಲ್ಲಿ ಕಡಿಮೆ ಮಾಡಬೇಕೋ ಅಲ್ಲಿ ಉಗುರಿನಿಂದ ಗೀರಿದ್ದೇನೆ. ಇನ್ನೊಂದು ಮಾತು. ನಿನ್ನ ಏಣು ಮಟ್ಟಸವಾಗಿದೆ, ಕಟ್ಟೆಯ ಹಾಗೆ. ನಿನ್ನ ಸೆಟ್ಟು ಮುಚ್ಚಿರುವ ನನ್ನ ಸ್ವಂತ ಅಂಗುಳದಲ್ಲಿ ಸಣ್ಣ ಸಣ್ಣ ಅಲೆಗಳಿದ್ದವು. ನಾಲಗೆ ಅವನ್ನು ಹಿಡಿದುಕೊಂಡೇ ಸ್ವರದಿಂದ ಸ್ವರಕ್ಕೆ ಹೋಗುತ್ತಿತ್ತು. ಅಷ್ಟು ಸಮ ಮಾಡಲು ಒದ್ದಾಡಬೇಡ. ಕೈ ಹೇಗೆ ಹೋಗುತ್ತದೋ ಹಾಗೆ ಬಿಡು.

ನಿನ್ನ ಹೆಂಡತಿಗೆ ನನ್ನ ಆಶೀರ್ವಾದ ಹೇಳು, ಮರೆಯಬೇಡ.

ಅಕ್ಕ

*

ಆಗಸ್ಟ್ 31

ಅಕ್ಕಾ,

"ಕೈ ಹೇಗೆ ಹೋಗುತ್ತದೋ ಹಾಗೆ ಬಿಡು" ಎಂದು ಬರೆದಿದ್ದೀಯ. ಅದನ್ನು ಎರಡು ಸಲ ಓದಿದೆ. ಮರುದಿನ ಬೆಳಿಗ್ಗೆ ಮರಳು ಚೀಲವನ್ನು ಮೇಜಿನಿಂದ ಕೆಳಗಿಟ್ಟು ಕೆಲಸ ಶುರುಮಾಡಿದೆ. ಮರಳು ಚೀಲ ಯಾಕೆಂದು ಕೇಳಬೇಡ, ಅದೊಂದು ನಮ್ಮ ಕಸುಬಿನ ಸಾಮಾನು.

ಈ ಸಲ ಮೇಣದ್ದನ್ನು ಕಳಿಸಿ ನೋಡುವುದು ಬೇಡ, ಗಟ್ಟಿ ಮಾಡಿದ ಸೆಟ್ಟನ್ನೇ ಕಳಿಸುತ್ತಿದ್ದೇನೆ. ಡಾಕ್ಟರಮ್ಮನಿಗೆ ಬೇರೆ ಕಾಗದ ಬರೆದಿದ್ದೇನೆ, ಅಂಗುಳದ ಏಣು ನೋಡಿ ತಪ್ಪೆಂದು ಕೆರೆದುಬಿಟ್ಟಾರು, ಅದನ್ನು ಮಾತ್ರ ಯಾರೂ ಮುಟ್ಟಕೂಡದು ಎಂದು. ಇದು ಬರದಿದ್ದರೆ ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ.

ತಮ್ಮ

*

ಸೆಪ್ಟೆಂಬರ್ 18

ನನ್ನ ತಮ್ಮನಿಗೆ,

ಬಂತು.

ಮೊದಲ ವಾರ ಬರಲಿಲ್ಲ, ನಿನಗೆ ಬರೆಯಲೂ ಇಲ್ಲ. ನಿನ್ನೆ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಬಂತು. ಕೆಳಗಿನ ಸ್ವರವೂ ಬಂತು, ಮೇಲಿನದೂ ಬಂತು. ಕ್ಲಿಪ್ ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಧಾಟಿ ಮುಗಿಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ನಾನು ಅತ್ತದ್ದನ್ನು ಯಾರಿಗೂ ಹೇಳಬೇಡ.

ನೀನು ಹೇಳಿದಂತೆ ಮಾತಿನಲ್ಲೂ ಶಿಳ್ಳೆ ಬರುತ್ತದೆ. ತರಕಾರಿಯವನ ಹತ್ತಿರ "ಸೌತೆಕಾಯಿ" ಅಂದೆ, ಅವನು ಹಿಂದೆ ತಿರುಗಿ ನೋಡಿದ. ನಿನ್ನ ಮೊದಲ ಸೆಟ್ಟನ್ನು ಮಾತಿಗೂ ಇದನ್ನು ಶಿಳ್ಳೆಗೂ ಇಟ್ಟುಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದಳು. ನಾನು ಒಪ್ಪಲಿಲ್ಲ. ಇದನ್ನೇ ಹಾಕಿಕೊಂಡಿರುತ್ತೇನೆ.

ಅಕ್ಟೋಬರ್ ಹತ್ತರ ಸಂಜೆ ಕಾರ್ಯಕ್ರಮ, ಫೋನಿನ ಹತ್ತಿರ ಇರು. ನಾನು ಮಾಡುತ್ತೇನೆ.

ಅಕ್ಕ

*

ಅಕ್ಟೋಬರ್ 11

ಪ್ರೀತಿಯ ಅಕ್ಕನಿಗೆ,

ನಿನ್ನೆ ಫೋನ್ ಎತ್ತಿದಾಗ ನೀನು "ಸುಮ್ಮನೆ ಕೇಳಿಸಿಕೋ" ಅಂದೆ, ಎರಡು ಶಿಳ್ಳೆಯ ಜೊತೆ. ಈ ವರ್ಷದಲ್ಲಿ ಮೊದಲ ಸಲ ನಿನ್ನ ಧ್ವನಿ. ನೀನು ಫೋನನ್ನು ಯಾರ ಕೈಗೋ ಕೊಟ್ಟೆ. ನನ್ನ ಹೆಂಡತಿ ಸ್ಪೀಕರ್ ಒತ್ತಿ ಪಕ್ಕದಲ್ಲಿ ಕೂತಳು.

ಪಿಟೀಲು ಕೇಳಿಸಿತು, ಗಿಟಾರ್ ಕೇಳಿಸಿತು. ಎರಡೂ ನಿಂತವು. ಆಮೇಲೆ ಏನೂ ಇಲ್ಲ. ಯಾರೋ ಕೆಮ್ಮಿದರು. ಕುರ್ಚಿ ಸರಿದ ಸದ್ದು. ಅಕ್ಕಾ, ಆ ಹೊತ್ತಿನಲ್ಲಿ ನಾನು ಪಟ್ಟ ಪಾಡು ಯಾರಿಗೂ ಬೇಡ. ಸೆಟ್ಟು ಜಾರಿತೇ, ಏಣು ಕೂರಲಿಲ್ಲವೇ, ಊರವರೆದುರು ನಿನ್ನನ್ನು ನಿಲ್ಲಿಸಿ ಬಾಯಿ ಕಟ್ಟಿಹಾಕಿದೆನೇ ಎಂದು ಮೇಜಿನ ಅಂಚು ಹಿಡಿದು ಎದ್ದುನಿಂತೆ. ಬಾಯಿ ಒಣಗಿ ನೀರು ಕುಡಿದೆ ಎಂದು ಆಮೇಲೆ ನೀನು ಹೇಳಿದೆ. ನನಗೆ ಇಲ್ಲಿ ಹೇಗೆ ಗೊತ್ತಾಗಬೇಕು?

ಆಗ ನೀನು ಶುರುಮಾಡಿದೆ.

ನಾನು ಸಂಗೀತ ತಿಳಿದವನಲ್ಲ. ಮೊದಲ ಸಾಲಿಗೆ ನನಗೆ ಅಂಗುಳ ಕಾಣುತ್ತಿತ್ತು, ಈಗ ನಾಲಗೆ ಇಲ್ಲಿದೆ, ಈಗ ಎಡದ ಏಣಿನ ಮೇಲೆ ಬಂತು ಎಂದು. ಎರಡನೆಯ ಸಾಲಿಗೆ ಅದೆಲ್ಲ ಮರೆತು, ಪುಸ್ತಕ ಮುಖಕ್ಕೆ ಹಿಡಿದು ಕೂತ ನೀನು ಕಂಡೆ. ಮುಗಿದಾಗ ಅಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಅದರ ನಡುವೆ ನೀನು ಮೈಕಿನಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಇವು ನನ್ನ ಸ್ವಂತ ಹಲ್ಲಲ್ಲ. ನನ್ನ ತಮ್ಮ ಮಾಡಿಕೊಟ್ಟದ್ದು." ಮತ್ತೆ ಚಪ್ಪಾಳೆ. ನನ್ನ ಹೆಂಡತಿ ಅಳುತ್ತಿದ್ದಳು. ನನಗೂ ಎದೆ ಉಬ್ಬಿ ಬಂತು, ಮುಚ್ಚಿಡುವುದೇನು? ಇವತ್ತು ಬೆಳಿಗ್ಗೆ ಪೇಪರ್ ಹಾಕುವವನನ್ನೂ ನಿಲ್ಲಿಸಿ ಹೇಳಿದೆ, ಲ್ಯಾಬಿಗೆ ಹೋಗಿ ಗುಂಡಿ ಒತ್ತುವ ಹುಡುಗರಿಗೂ ಹೇಳಿ ಬಂದೆ. ಅವರಿಗೆ ಆ ಸೆಟ್ಟನ್ನು ಎರಕ ಹೊಯ್ದ ಅಚ್ಚು ತೋರಿಸಿದೆ. ಈ ಅಲೆಗಳನ್ನು ಹೇಗೆ ಮಾಡಿದಿರಿ, ಮಷಿನ್‌ಗೆ ಬರುವುದಿಲ್ಲವಲ್ಲ ಎಂದು ಒಬ್ಬ ಕೇಳಿದ. ಅವನಿಗೆ ಹೇಳಿದ್ದನ್ನು ನಿನಗೂ ಹೇಳಬೇಕು, ನಿನಗೆ ಇಷ್ಟು ದಿನ ಹೇಳಿರಲಿಲ್ಲ.

ನನ್ನ ಕೈ ನಡುಗುತ್ತದೆ ಅಕ್ಕಾ, ಒಂದೂವರೆ ವರ್ಷವಾಯಿತು. ಆ ಅಲೆಗಳನ್ನು ನಾನು ಕೆತ್ತಿದ್ದಲ್ಲ. ಮೇಣದ ಮೇಲೆ ಕೈಯನ್ನು ಅದರ ಪಾಡಿಗೆ ಬಿಟ್ಟೆ, ಅದು ನಡುಗುತ್ತ ಹೋಯಿತು. ನಿನ್ನೆ ಭವನದ ತುಂಬ ಕೇಳಿಸಿದ್ದು ಆ ಕೈಯ ಕೆಲಸ.

ನಿನ್ನ ತಮ್ಮ